ಕೋಲಾರದಲ್ಲಿ ನೆಪೋಲಿಯನ್ ಗೆದ್ದ ಶನಿವಾರಗಳು

ಕೀಽಽಽ... ಕರ್ರ್ರ್... ಕೀಽ... ಕರ್ರ್ರ್ರ್ರ್.

ತಗಡಿನ ಮೇಲೆ ಮೊಳೆ ಎಳೆದ ಹಾಗೆ. ನಡುನಡುವೆ ಜೀರುಂಡೆಯೂ ಸೇರಿಕೊಂಡ ಹಾಗೆ. ಒಂದಲ್ಲ ಎರಡಲ್ಲ, ಹತ್ತು ನಿಮಿಷ ಬಿಡದೆ ಕೇಳಬೇಕು. ಎಂಬತ್ತರ ದಶಕದ ನಡುವಿನಲ್ಲಿ, ಶನಿವಾರ ಮಧ್ಯಾಹ್ನಗಳಲ್ಲಿ, ಕೋಲಾರದ ಒಂದು ಸ್ಕೂಲಿನ ಕೋಣೆಯಲ್ಲಿ ಕೂತು ನಾನದನ್ನು ಕೇಳುತ್ತಿದ್ದೆ. ಅಷ್ಟು ಸ್ವೀಟ್ ಆದ ಮ್ಯೂಸಿಕ್ಕನ್ನು ನಾನು ಬೇರೆ ಕೇಳಿಲ್ಲ. (ನಗಬೇಡಿ. ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಆರು ವರ್ಷ ಪಿಯಾನೋ ಕಲಿತವಳು ಹೇಳುತ್ತಿರುವ ಮಾತಿದು.)

ಕಳೆದ ವಾರ ಬೀರು ಕ್ಲೀನ್ ಮಾಡುವಾಗ ಆ ಕ್ಯಾಸೆಟ್ಟು ಸಿಕ್ಕಿತು. ಪಕ್ಕದ ಮನೆಯ ಪದ್ಮ ತನ್ನ ಅಪ್ಪನ ಕಾಲದ ಟೇಪ್ ರೆಕಾರ್ಡರ್ ತಂದು ಹಾಕಿದಳು. ಹಳೆಯ ಹಾಡು ಬರುತ್ತದೆ ಎಂದು ಇಬ್ಬರಿಗೂ ಕಾಫಿ ಬೇರೆ ಬೆರೆಸಿದ್ದಳು. ಕೀಽಽ ಎಂದದ್ದೇ ತಡ, ಕಿವಿ ಮುಚ್ಚಿಕೊಂಡಳು.

"ಅಯ್ಯೋ ಆಂಟಿ, ಟೇಪು ಹಾಳಾಗೋಗಿದೆ. ಬಿಸಾಕಿ."

"ಹಾಳಾಗಿಲ್ಲ ಕಣೇ. ಇದರೊಳಗೆ ನೆಪೋಲಿಯನ್ ಇದಾನೆ," ಎಂದೆ.

ನನಗೆ ವಯಸ್ಸಾಯಿತು ಎಂದು ಅವಳು ಮೊದಲೇ ತೀರ್ಮಾನಿಸಿದ್ದಳು. ಆವತ್ತು ಕನ್‌ಫರ್ಮ್ ಆಯಿತು.

ಪದ್ಮಳಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ.

ನಾನಾಗ ಹಿಸ್ಟರಿ ಟೀಚರು. ಮೂವತ್ತಾರು ವಯಸ್ಸು, ಮದುವೆ ಇಲ್ಲ. ದಿನಾ ಮಾಲೂರಿನಿಂದ ಬಸ್ಸಿನಲ್ಲಿ ಕೋಲಾರಕ್ಕೆ ಬಂದು ಹೋಗುತ್ತಿದ್ದೆ. ಆ ವರ್ಷ ನಮ್ಮ ಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಒಂದೇ ಒಂದು. ಅದಕ್ಕೊಂದು ಕೋಣೆ, ಕೋಣೆಗೊಂದು ಕಾರ್ಪೆಟ್ಟು, ಚಪ್ಪಲಿ ಹೊರಗೆ. ಹೆಡ್‌ಮಾಸ್ಟರು ಮೊದಲ ದಿನವೇ ಕೀಬೋರ್ಡಿಗೆ ಕುಂಕುಮ ಇಟ್ಟುಬಿಟ್ಟರು. ಎಂಟರ್ ಒತ್ತಿದರೆ ಬೆರಳು ಕೆಂಪಾಗುತ್ತಿತ್ತು.

ಅದನ್ನು ನೋಡಿಕೊಳ್ಳುವ ಕೆಲಸ ಮ್ಯಾಥ್ಸ್ ಮೇಷ್ಟ್ರು ಚಲಪತಿ ಅವರದು. ಶ್ರೀನಿವಾಸಪುರದ ಕಡೆಯ ರೈತರ ಮಗ. ನನಗಿಂತ ಎರಡು ವರ್ಷ ಚಿಕ್ಕವರು. ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ಬೋರ್ಡಿನ ಮೇಲೆ ಇಂಗ್ಲಿಷು. ಒಂದು ದಿನ ಸ್ಟಾಫ್ ರೂಮಿಗೆ ಬಂದು, "ಮಿಸ್, ನಿಮ್ ಹಿಸ್ಟರೀಲಿ ಯಾವುದಾದ್ರೂ ಒಳ್ಳೆ ಯುದ್ಧ ಇದ್ರೆ ಕೊಡಿ. ಮಕ್ಕಳು ಆಡೋ ಹಾಗೆ ಒಂದು ಗೇಮ್ ಮಾಡೋಣ," ಎಂದರು. ಪಕ್ಕದ ಅಂಗಡಿಯಲ್ಲಿ ಅರ್ಧ ಕೇಜಿ ಬೆಲ್ಲ ಕೇಳುವ ಧಾಟಿ!

ವಾಟರ್ಲೂ ಕೊಟ್ಟೆ. ಬೆಲ್ಜಿಯಂನಲ್ಲಿ ಇಂಗ್ಲಿಷರೆದುರು ನೆಪೋಲಿಯನ್ ಸೋತ ಯುದ್ಧ.

ಶನಿವಾರ ಬೆಳಗಿನ ಸ್ಕೂಲು. ಹನ್ನೊಂದೂವರೆಗೆಲ್ಲ ಬಿಟ್ಟರೆ, ನಾಲ್ಕೂವರೆಯ ಬಸ್ಸಿನವರೆಗೆ ಯುದ್ಧ. ಮೊದಲು ಡ್ರಾಯಿಂಗ್ ಶೀಟಿನ ಮೇಲೆ. ಅವರು ಸ್ಕೇಲು ಹಿಡಿದು ಚೌಕ ಹಾಕಿದರು, ನಾನು ಗುಡ್ಡ, ರಸ್ತೆ, ತೋಟದ ಮನೆ ಬರೆದೆ. ಫ್ರೆಂಚರಿಗೆ ಒಣಗಿದ ಅವರೆಕಾಳು, ಇಂಗ್ಲಿಷರಿಗೆ ಹುಣಸೆಬೀಜ. ಸರಿ ಬಂದದ್ದನ್ನು ಆಮೇಲೆ ಕಂಪ್ಯೂಟರಿಗೆ ಟೈಪ್ ಮಾಡುವುದು. ಪರದೆಯ ಮೇಲೆ ಕುದುರೆಯೂ ಇಲ್ಲ, ಫಿರಂಗಿಯೂ ಇಲ್ಲ. ಬರೀ ಇಂಗ್ಲಿಷ್ ಅಕ್ಷರಗಳು ಒಂದನ್ನೊಂದು ತಿನ್ನುತ್ತಿದ್ದವು, ಅಷ್ಟೇ. ಕರೆಂಟು ಹೋದರೆ ಯುರೋಪೇ ಮಾಯ. ಅದಕ್ಕೇ ಎಲ್ಲವನ್ನೂ ಹಾಡಿನ ಕ್ಯಾಸೆಟ್ಟಿಗೆ ಸದ್ದಾಗಿ ತುಂಬಿಸಿ, ಮುಂದಿನ ವಾರ ಆ ಕೀಽ ಕರ್ರ್ ಕೇಳಿಸಿಕೊಂಡು ಮತ್ತೆ ಹೊರಗೆ ತೆಗೆಯಬೇಕಿತ್ತು.

"ಮಿಸ್, ಮೆಮೊರಿ ಸಾಲ್ತಿಲ್ಲ. ಡಚ್ಚರನ್ನ ಬಿಟ್ಬಿಡೋಣ್ವಾ?"

"ಅವರು ಸತ್ತಿದ್ದಾರೆ ಸರ್, ಪಾಪ. ಬಿಡೋಕಾಗತ್ತಾ?"

"ಸರಿ, ಇಂಗ್ಲಿಷರ ಜೊತೆ ಕೂರಿಸ್ತೀನಿ. ಅಡ್ಜಸ್ಟ್ ಮಾಡ್ಕೊಳ್ಳಲಿ."

ಆಮೇಲೆ ಟೆಸ್ಟಿಂಗು. ಒಂದು ಸಲ ನಾನು ನೆಪೋಲಿಯನ್, ಅವರು ಇಂಗ್ಲಿಷರ ಸೇನಾಪತಿ ವೆಲಿಂಗ್ಟನ್. ಇನ್ನೊಂದು ಸಲ ಅದಲುಬದಲು. ಯಾರು ಗೆದ್ದರು, ಎಷ್ಟು ಗಂಟೆಗೆ ಗೆದ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಚಲಪತಿ ಸರ್ ಹೇಳುತ್ತಿದ್ದರು: ಇಬ್ಬರೂ ಬುದ್ಧಿ ಇಟ್ಟು ಆಡಿದಾಗ ಇತಿಹಾಸದಲ್ಲಿ ಆದದ್ದೇ ಹೆಚ್ಚು ಸಲ ಆಗಬೇಕು, ಆಗ ಮಾತ್ರ ಗೇಮು ಮುಗಿದ ಹಾಗೆ.

ಆಗಲಿಲ್ಲ. ಯಾರು ಆಡಿದರೂ ನೆಪೋಲಿಯನ್ನೇ ಗೆಲ್ಲುತ್ತಿದ್ದ. ಐದು ಸಲ, ಒಂಬತ್ತು ಸಲ, ಹನ್ನೆರಡು ಸಲ. ವೆಲಿಂಗ್ಟನ್ನಿನ ಸಹಾಯಕ್ಕೆ ಪ್ರಷ್ಯದವರು ಸಂಜೆ ಬಂದು ನೋಡಿದರೆ ಇಲ್ಲಿ ಎಲ್ಲ ಮುಗಿದುಹೋಗಿರುತ್ತಿತ್ತು. ಊಟ ಆದ ಮೇಲೆ ಬಂದ ಮದುವೆ ನೆಂಟರ ಹಾಗೆ.

ತಪ್ಪು ಎಲ್ಲಿ?

ತಪ್ಪು ನಮ್ಮ ಕಿಟಕಿಯಲ್ಲಿತ್ತು. ಯುದ್ಧದ ಹಿಂದಿನ ರಾತ್ರಿಯಿಡೀ ಅಲ್ಲಿ ಜೋರು ಮಳೆ. ನೆಲ ಒಣಗದೆ ಫಿರಂಗಿ ಎಳೆಯಲಾಗದು. ಒಣಗಲು ಎಷ್ಟು ಹೊತ್ತು ಬೇಕು? ಪುಸ್ತಕ ಯಾರು ಹುಡುಕುತ್ತಾರೆ? ಒಂದು ಶನಿವಾರ ಕೋಲಾರದಲ್ಲಿ ಒಳ್ಳೆಯ ಮಳೆ ಹೊಡೆಯಿತು. ನಾವಿಬ್ಬರೂ ಪಿ.ಟಿ. ಮೇಷ್ಟ್ರ ಸ್ಟಾಪ್‌ವಾಚ್ ಹಿಡಿದು ಕಿಟಕಿಯಲ್ಲಿ ನಿಂತೆವು. ನಮ್ಮದು ಕೆಂಪು ಮಣ್ಣು, ಕಲ್ಲು ನೆಲ. ನೀರು ಬಿದ್ದಿದ್ದೇ ಗೊತ್ತಾಗುವುದಿಲ್ಲ. ಮಳೆ ನಿಂತ ಎರಡೇ ಗಂಟೆಯಲ್ಲಿ ಮಕ್ಕಳು ಫೀಲ್ಡಿನಲ್ಲಿ ಕಬಡ್ಡಿ ಆಡುತ್ತಿದ್ದರು. ಚಲಪತಿ ಸರ್ ಖುಷಿಯಿಂದ ಬರೆದುಕೊಂಡರು: ಮಳೆ ನಿಂತು ಎರಡು ಗಂಟೆ, ನೆಲ ಒಣಗಿತು.

ಹಾಗೆ ಬೆಲ್ಜಿಯಂಗೆ ಕೋಲಾರದ ಮಣ್ಣು ಸುರಿದೆವು. ಬೆಳಿಗ್ಗೆ ಎಂಟಕ್ಕೇ ನೆಪೋಲಿಯನ್ ನುಗ್ಗುತ್ತಿದ್ದ.

ಈಗ ಕನ್‌ಫೆಷನ್.

ಆಗಸ್ಟಿನಲ್ಲಿ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದೆ. ಮಾಲೂರಿನ ಬಸ್ಸಿನಲ್ಲಿ ಓದುತ್ತಾ ಓದುತ್ತಾ ವಕ್ಕಲೇರಿ ಹತ್ತಿರ ಆ ಸಾಲು ಸಿಕ್ಕಿತು. ವಾಟರ್ಲೂದು ಅಂಟು ಮಣ್ಣು. ನೆಲ ಗಟ್ಟಿಯಾಗಲಿ ಎಂದು ನೆಪೋಲಿಯನ್ ಹನ್ನೊಂದೂವರೆಯ ತನಕ ಕಾದ. ಪ್ರಷ್ಯದವರಿಗೆ ಬಂದು ಸೇರಲು ಸಿಕ್ಕ ಆ ಹೊತ್ತೇ ಅವನನ್ನು ಮುಳುಗಿಸಿದ್ದು.

ಒಂದು ನಂಬರ್ ಬದಲಾಯಿಸಿದರೆ ಸಾಕು. ಗೇಮು ಮುಗಿಯಿತು.

ಗೇಮು ಮುಗಿದರೆ ಶನಿವಾರವೂ ಮುಗಿಯಿತು.

ಸೋಮವಾರ ಹೇಳಲಿಲ್ಲ. ಆ ಶನಿವಾರವೂ ಹೇಳಲಿಲ್ಲ. ಬದಲಿಗೆ, "ಆ ತೋಟದ ಮನೆಗೆ ಗೋಡೆ ಬೇಕು ಸರ್," ಎಂದೆ. ಗೋಡೆ ಕಟ್ಟಲು ಎರಡು ವಾರ ಹಿಡಿಯಿತು. "ಕುದುರೆಗಳಿಗೆ ಸುಸ್ತೇ ಆಗ್ತಿಲ್ಲವಲ್ಲ," ಎಂದೆ. ಮೂರು ವಾರ. "ವೆಲಿಂಗ್ಟನ್ ಜನರನ್ನ ಗುಡ್ಡದ ಹಿಂದೆ ಅಡಗಿಸಿದ್ದ," ಎಂದೆ. (ಅದು ನಿಜ.) ಇನ್ನೂ ಮೂರು. ಹೀಗೇ ಒಂದಾದ ಮೇಲೊಂದು ಹೇಳುತ್ತಾ ಡಿಸೆಂಬರೂ ಮುಗಿಯಿತು. ಅವರು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ಟಿಫಿನ್ ಡಬ್ಬಿ ತೆಗೆದು ಅರ್ಧ ಚಿತ್ರಾನ್ನ ನನ್ನ ಕಡೆ ತಳ್ಳಿ, "ಮಾಡೋಣ ಮಿಸ್, ಅವಸರ ಏನಿದೆ?" ಎನ್ನುತ್ತಿದ್ದರು.

ನಮ್ಮ ನಡುವೆ ಅದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ. ನಾನು ಭಾನುವಾರ ಚರ್ಚಿಗೆ ಹೋಗುವವಳು. ಅವರ ಮನೆಯಲ್ಲಿ ಒಳ್ಳೆಯದಾದರೂ ಕೆಟ್ಟದ್ದಾದರೂ ಆವನಿಯ ದೇವರಿಗೆ ಹರಕೆ. ಯಾರು ಮೊದಲು ಬಾಯಿ ಬಿಡುವುದು? ಬಿಟ್ಟು ಏನು ಹೇಳುವುದು? ಗೇಮು ಮುಗಿಯದಿರುವಷ್ಟು ದಿನ ಆ ಪ್ರಶ್ನೆಯೂ ಬರುತ್ತಿರಲಿಲ್ಲ.

ಜನವರಿಯಲ್ಲಿ ಅವರ ತಾಯಿ ಮುನಿವೆಂಕಟಮ್ಮ ಸ್ಕೂಲಿಗೇ ಬಂದುಬಿಟ್ಟರು. ಸೊನೆ ಘಮ್ಮೆನ್ನುವ ಅವರೆಕಾಯಿ ಒಂದು ಚೀಲ ಕಂಕುಳಲ್ಲಿ. ಮಗ ಕ್ಲಾಸಿನಲ್ಲಿದ್ದ ಹೊತ್ತು ನೋಡಿಯೇ ಬಂದಿದ್ದರೋ ಏನೋ. ಸೀದಾ ನನ್ನ ಮುಂದೆ ನಿಂತರು.

"ನೀನೇನಾ ತಲ್ಲೀ, ಹಿಸ್ಟ್ರಿ ಟೀಚರಮ್ಮ?"

"ಹೌದಮ್ಮ. ಕೂತ್ಕೊಳ್ಳಿ."

"ಕೂತ್ಕೊಳ್ಳಾಕೆ ಬಂದಿಲ್ಲಮ್ಮ. ಯಾರವನು ನೆಪೋಲಿಯನ್ನು? ಎಲ್ಲಿಯೋನು?"

"ಫ್ರಾನ್ಸಿನೋನು. ಸತ್ತು ನೂರೈವತ್ತು ವರ್ಷದ ಮೇಲಾಯ್ತು."

ಮುನಿವೆಂಕಟಮ್ಮ ಚೀಲವನ್ನು ದಪ್ಪೆಂದು ನೆಲಕ್ಕೆ ಇಟ್ಟರು. "ಸತ್ತೋನು ಸೋಲ್ಲಿಲ್ಲಾಂತ ನನ್ ಮಗ ಮದುವೆ ಆಗ್ದೆ ಕುಂತವ್ನಾ? ಪುಂಗನೂರು ಕಡೆಯೋರು ಹೆಣ್ ಕೊಡ್ತೀವಿ ಅಂತ ನಾಲ್ಕು ಕಿತ ಬಂದೋದ್ರು. ಕೇಳಿದ್ರೆ, ಗೇಮು ಮುಗೀಲಿ ಅಂತಾನೆ. ಯಾವಾಗ ಮುಗೀತದೋ ಅಂದ್ರೆ, ಅವನು ಸೋತಾಗ ಅಂತಾನೆ. ಅದೇನ್ ಕರ್ಮಾನೋ ನಾಯನಾ!"

ನಗು ಬಂತು. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. ಹೊಲದ ಕೆಲಸದ ಕೈ, ಗರಗಸದ ಹಾಗೆ ಒರಟು.

"ನೀನು ಓದ್ದೋಳು. ನಿನ್ ಮಾತು ಕೇಳ್ತಾನೆ. ಮನೇಲಿ ಮೂರೊತ್ತೂ ಮಿಸ್ಸು ಹಂಗಂದ್ರು, ಮಿಸ್ಸು ಹಿಂಗಂದ್ರು. ಒಂದ್ ಮಾತು ಹೇಳಿ ಮುಗಿಸ್ಬುಡಮ್ಮ. ನಂಗೂ ಒಂದು ಸೊಸೆ ಬರ್ಲಿ."

ಮುಗಿಸಿಬಿಡಮ್ಮ ಎಂದರಲ್ಲ, ಏನನ್ನು? ತಿಳಿಯದೆ ಹೇಳಿದರೋ, ತಿಳಿದೇ ಹೇಳಿದರೋ? ತಾಯಂದಿರ ಬಗ್ಗೆ ನಾನು ಇಂದಿಗೂ ಗ್ಯಾರಂಟಿ ಕೊಡಲಾರೆ. ಹೋಗುವಾಗ ಅವರೆಕಾಯಿ ಚೀಲ ನನಗೇ ಬಿಟ್ಟು ಹೋದರು. ಆ ಶುಕ್ರವಾರ ಸಂಜೆ ಮನೆಯಲ್ಲಿ ಕೂತು ಒಂದೊಂದೇ ಕಾಳು ಬಿಡಿಸುತ್ತಾ ಯೋಚಿಸಿದೆ. ಯಾವ ಹಕ್ಕಿನಿಂದ ಆ ಮನುಷ್ಯನನ್ನು ಒಂದು ತಪ್ಪು ನಂಬರಿಗೆ ಕಟ್ಟಿಹಾಕಿದ್ದೇನೆ? ಕಾನ್ವೆಂಟಿನಲ್ಲಿ ಹತ್ತು ವರ್ಷ ಮಾರಲ್ ಸೈನ್ಸ್ ಓದಿದ್ದರ ಪ್ರಾಬ್ಲೆಮ್ ಇದೇ ನೋಡಿ. ಬೇಡದ ಹೊತ್ತಿಗೆ ನೆನಪಾಗುತ್ತದೆ.

ಮರುದಿನ ಶನಿವಾರ. ಪುಸ್ತಕ ತೆಗೆದುಕೊಂಡು ಹೋದೆ.

"ಸರ್, ನೆಲ ಒಣಗೋಕೆ ಎರಡು ಗಂಟೆ ಅಲ್ಲ. ಅವನು ಹನ್ನೊಂದೂವರೆ ತನಕ ಕಾದಿದ್ದ."

ಚಲಪತಿ ಸರ್ ಪರದೆಯ ಕಡೆ ತಿರುಗಿದರು. ಆಮೇಲೆ ಆ ನಂಬರ್ ಬದಲಾಯಿಸಿದರು. ಆಡಿದೆವು. ಆವತ್ತು ನಾನು ನೆಪೋಲಿಯನ್. ನನಗೆ ಗೊತ್ತಿದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ಸಂಜೆಯ ಹೊತ್ತಿಗೆ ಬಲಗಡೆಯಿಂದ ಪ್ರಷ್ಯದ ಅಕ್ಷರಗಳು ಬಂದವು, ನನ್ನ ಅಕ್ಷರಗಳು ಒಂದೊಂದೇ ಆರಿದವು. ಇನ್ನೊಮ್ಮೆ ಆಡಿದೆವು. ಇನ್ನೊಮ್ಮೆಯೂ ಅದೇ.

"ಇದು ನಿಮಗೆ ಯಾವಾಗ ಗೊತ್ತಾಯ್ತು ಮಿಸ್?"

"ಈ ವಾರ."

ಪುಸ್ತಕ ಟೇಬಲ್ ಮೇಲಿತ್ತು. ಅವರು ಸುಮ್ಮನೆ ರಟ್ಟು ತೆರೆದರು. ಒಳಗೆ ಲೈಬ್ರರಿಯ ಚೀಟಿ. ಅದರ ಮೇಲೆ ಆಗಸ್ಟಿನ ಸೀಲು, ಅದರ ಕೆಳಗೆ ಪ್ರತಿ ಹದಿನೈದು ದಿನಕ್ಕೊಮ್ಮೆ ನಾನೇ ರಿನ್ಯೂ ಮಾಡಿಸಿದ ಸೀಲುಗಳು. ಸಾಲಾಗಿ, ನೀಟಾಗಿ. ಓದಿದರು. ರಟ್ಟು ಮುಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು.

ಗೇಮನ್ನು ಕ್ಯಾಸೆಟ್ಟಿಗೆ ತುಂಬಿಸಿದರು. ಆ ಹತ್ತು ನಿಮಿಷ ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಕ್ಯಾಸೆಟ್ಟು ತೆಗೆದು ನನ್ನ ಕೈಗೆ ಕೊಟ್ಟು, "ಇದು ನಿಮ್ಮ ಹತ್ರಾನೇ ಇರಲಿ," ಎಂದರು. ಬೇಸಿಗೆ ರಜೆಯಲ್ಲಿ ಅವರ ಮದುವೆಯಾಯಿತು, ಪುಂಗನೂರಿನ ಹುಡುಗಿ. ಜೂನಿನಲ್ಲಿ ಶ್ರೀನಿವಾಸಪುರಕ್ಕೆ ವರ್ಗ ಮಾಡಿಸಿಕೊಂಡರು. ಸ್ಕೂಲಿನವರು ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದರು. ನಾನು ಹನ್ನೆರಡರ ಬಸ್ಸಿಗೇ ಮನೆಗೆ ಹೋಗತೊಡಗಿದೆ. ಶನಿವಾರದ ಮಧ್ಯಾಹ್ನ ಎಷ್ಟು ಉದ್ದ ಇರುತ್ತದೆ ಎನ್ನುವುದು ನನಗೆ ಆಗಲೇ ತಿಳಿದದ್ದು.

ಅವರನ್ನು ಕೊನೆಯದಾಗಿ ನೋಡಿದ್ದು ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ. ದಶಕ ಮುಗಿಯುತ್ತಾ ಬಂದಿತ್ತು. ನಾನು ಪರೀಕ್ಷೆಯ ಡ್ಯೂಟಿಗೆ ಹೋಗಿದ್ದೆ. ಅವರು ಹೆಂಡತಿ ಮತ್ತು ಮಗಳನ್ನು ಕುರುಡುಮಲೆ ಗಣಪತಿಗೆ ಕರೆದುಕೊಂಡು ಹೋಗಿ ವಾಪಸು ಹೊರಟಿದ್ದರು. ಕೂದಲು ಅಲ್ಲಲ್ಲಿ ಬೆಳ್ಳಗೆ.

"ಮಿಸ್! ಹೇಗಿದೀರಾ?"

"ಚೆನ್ನಾಗಿದೀನಿ ಸರ್. ಅಮ್ಮ?"

"ಇದಾರೆ. ಮೊಮ್ಮಗಳ ಹಿಂದೆ ಓಡ್ತಾ ಇರ್ತಾರೆ."

ಹೆಂಡತಿ ಒಳ್ಳೆಯವರು, ನಕ್ಕರು. ಮಗುವನ್ನು ಎತ್ತಿಕೊಂಡು ಮೊದಲು ಬಸ್ಸು ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಚಲಪತಿ ಸರ್ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ನನ್ನ ಕಡೆ ತಿರುಗಿದರು.

"ಆವತ್ತು ನೀವು ಇನ್ನೊಂದೇ ಒಂದು ಶನಿವಾರ ಸುಮ್ನಿದ್ದಿದ್ರೆ ಆಗ್ತಿತ್ತಲ್ಲ ಮಿಸ್."

ಬಸ್ಸು ಹೊರಟಿತು. ಇದ್ದಿದ್ದರೆ ನೀವೇನು ಹೇಳುತ್ತಿದ್ದಿರಿ ಎಂದು ಕೇಳುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು.

ನೀವೇ ಹೇಳಿ: ಮೂವತ್ತು ಶನಿವಾರ ಎದುರುಬದುರು ಕೂತು ಬಾಯಿ ಬಿಡದ ಇಬ್ಬರು, ಮೂವತ್ತೊಂದನೆಯದಕ್ಕೆ ಬಿಡುತ್ತಿದ್ದರೇ?