ಒಂದು ಬಿಟ್ಟು ಒಂದು ಸಾಲು

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಬ್ಯಾಟರಿಗೆ ಸಿಕ್ಕಿಸಿದ ಬೆರಳುದ್ದದ ಗಾಜಿನ ತುಂಡೊಂದು ಬೂದು ಬಣ್ಣದಲ್ಲಿ ಬೆಳಗುತ್ತಿದೆ. ಅದರ ಮೇಲೆ ಬಾಗಿರುವ ಹೆಂಗಸು ಗಡಿಯಾರ ರಿಪೇರಿಯವರ ಮಸೂರವನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡಿದ್ದಾಳೆ. ನೋಡುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಮತ್ತೆ ನೋಡುತ್ತಾಳೆ. ಮಂಕು ಗಾಜಿನಲ್ಲಿದೆಯೋ ತನ್ನ ಕಣ್ಣಿನಲ್ಲಿದೆಯೋ ಗೊತ್ತಾಗುತ್ತಿಲ್ಲ.

"ಇವತ್ತೇ ಹೋಗ್ಬೇಕಾ?" ಬಾಗಿಲಲ್ಲಿ ನಿಂತ ಅತ್ತೆ ಕೇಳುತ್ತಾರೆ.

"ಇವತ್ತೇ ಕಾರ್ಖಾನೆಗೆ ನಕ್ಷೆ ಕಳಿಸೋದು ಅತ್ತೆ. ನಾನು ಸಹಿ ಹಾಕ್ಬೇಕು."

"ಹಾಕಿ ಬಂದ್ಬಿಡು ಮತ್ತೆ. ಆಗ್ಲಿಂದ ಅದನ್ನೇನು ನೋಡ್ತಿದೀಯ?"

ಈಕೆ ಗಾಜನ್ನೂ ಮಸೂರವನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಒಲೆ ಆರಿಸಿದ್ದೇನೆಯೇ ಎಂದು ಎರಡನೇ ಸಲ ನೋಡುತ್ತಾಳೆ.

ಈಕೆಯ ಕೆಲಸಕ್ಕೆ ಜನರ ಬಾಯಲ್ಲಿ ಹೆಸರಿಲ್ಲ. "ಸೊಸೆ ಏನ್ಮಾಡ್ತಾಳೆ ಅಂತ ಕೇಳಿದೋರಿಗೆಲ್ಲ ಟಿ.ವಿ. ರಿಪೇರಿ ಅಂದ್ಬಿಡ್ತೀನಿ. ಈಗ ಬೀದಿಯೋರೆಲ್ಲ ಟಿ.ವಿ. ಹೊತ್ಕೊಂಡು ಬರ್ತಾರೆ," ಎನ್ನುತ್ತಾರೆ ಅತ್ತೆ. ನಿಜವಾಗಿ ಈಕೆ ಪರದೆಯ ಒಂದೊಂದು ಚುಕ್ಕೆಯ ಕೆಳಗೂ ಇರುವ ಸರ್ಕ್ಯೂಟಿನ ನಕ್ಷೆ ಬಿಡಿಸುತ್ತಾಳೆ. ನಮ್ಮ ಫೋನಿನಲ್ಲಿ ಚಿತ್ರ ಮೂಡಿಸುವ ಲಕ್ಷಾಂತರ ಚುಕ್ಕೆಗಳಿಗೆ ಪಿಕ್ಸೆಲ್ ಎಂದು ಹೆಸರು. ಈಕೆಯ ಪರದೆಯಲ್ಲಿ ಪ್ರತಿ ಪಿಕ್ಸೆಲ್ಲಿಗೂ ಏಳು ಟ್ರಾನ್ಸಿಸ್ಟರು, ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಒಂದು ಕೆಪಾಸಿಟರು. ಎಲ್ಲವೂ ಕೂದಲಿನ ಅಗಲಕ್ಕಿಂತ ಚಿಕ್ಕ ಜಾಗದಲ್ಲಿ ಹಿಡಿಸಬೇಕು. ಚಿತ್ರ ಇನ್ನೂ ನುಣುಪಾಗಬೇಕೆಂದರೆ ಆ ಜಾಗ ಇನ್ನೂ ಕಿರಿದಾಗಬೇಕು.

"ಏಳು ಜನ ಒಂದೇ ಚಾಪೆ ಮೇಲೆ ಮಲಗಿದ ಹಾಗೆ. ಒಬ್ರು ಮಗ್ಗುಲಾದ್ರೆ ಎಲ್ರೂ ಮಗ್ಗುಲಾಗ್ಬೇಕು," ಎನ್ನುತ್ತಾಳೆ.

ಎರಡು ಸಲ ನಕ್ಷೆ ಸೋತಿದೆ. ಮೂರನೆಯದರಲ್ಲಿ ಈಕೆಗೊಂದು ಉಪಾಯ ಹೊಳೆಯಿತು. ಒಂದು ಬಿಟ್ಟು ಒಂದು ಸಾಲನ್ನು ತಲೆಕೆಳಗು ಮಾಡಿದರೆ ಎರಡು ಸಾಲುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಎರಡು ಮನೆಗೆ ಒಂದೇ ಗೋಡೆಯ ಹಾಗೆ ಎರಡು ಸಾಲಿಗೆ ಒಂದೇ ತಂತಿ. ಉಳಿದ ಜಾಗದಲ್ಲಿ ಎಲ್ಲವೂ ಹಿಡಿಸಿತು. ಕಂಪ್ಯೂಟರಿನ ಪರೀಕ್ಷೆಗಳೆಲ್ಲ ಒಪ್ಪಿದವು. ಇದೂ ಸೋತರೆ ತಂಡವನ್ನು ಮುಚ್ಚುವುದೆಂದು ಮೇಲಿನವರು ಹೇಳಿಯಾಗಿದೆ. "ಇನ್ನೊಂದು ಸಲ ಕೇಳೋಕೆ ನಮಗೆ ಬಾಯಿಲ್ಲ," ಎನ್ನುತ್ತಾಳೆ ಈಕೆ.

ಮಂಕು ಮೊದಲು ಕಂಡದ್ದು ಗಂಡನಿಗೆ. ಆತ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ. ಈ ಮೂರನೇ ನಕ್ಷೆಯಂತೆ ಪ್ರಯೋಗಕ್ಕೆಂದು ಮಾಡಿ ಬದಿಗಿಟ್ಟಿದ್ದ ಮಾದರಿಯ ತುಂಡನ್ನು ಈಕೆ ಮನೆಗೆ ತಂದಾಗ ಆತ ಅದನ್ನು ಕೈಬಿಡಲೇ ಇಲ್ಲ. ಬರಿಗಣ್ಣು ಸಾಲದೆಂದು ಬೀದಿ ಕೊನೆಯ ಗಡಿಯಾರ ರಿಪೇರಿಯವರಿಂದ ಮಸೂರ ಕೇಳಿ ತಂದ.

"ಒಂದು ಬಿಟ್ಟು ಒಂದು ಸಾಲು ಮಂಕಾಗಿದೆ ಕಣೇ."

"ಕನ್ನಡಕ ಒರೆಸ್ಕೊಳ್ಳಿ. ಕಂಪ್ಯೂಟರೇ ಸರಿಯಿದೆ ಅಂದಿದೆ."

"ಕಂಪ್ಯೂಟರಿಗೆ ಕಣ್ಣೆಲ್ಲಿದೆ? ನೋಡಿದ್ದು ನಾನು."

ಅದಾದ ಮೇಲೆ ಒಂದು ದಿನ ಶಾಲೆಯ ಮೆಟ್ಟಿಲ ಮೇಲೆ ಸುಸ್ತೆಂದು ಕೂತವನು ಏಳಲಿಲ್ಲ.

ಕಚೇರಿಯಲ್ಲಿ ತಂಡದ ಮುಖ್ಯಸ್ಥರು ಎದ್ದು ಬಂದು ಕುರ್ಚಿ ಎಳೆದು ಕೊಡುತ್ತಾರೆ. ಅವಸರದ ಮನುಷ್ಯ, ಬೆನ್ನ ಹಿಂದೆ ಎಲ್ಲರೂ ಗಡುವಪ್ಪ ಎನ್ನುತ್ತಾರೆ.

"ಬಂದ್ಯಲ್ಲಮ್ಮ, ಅದೇ ದೊಡ್ಡದು. ಸಹಿ ಹಾಕಿ ಮನೆಗೆ ಹೋಗು."

"ಸರ್, ಒಂದು ಬಿಟ್ಟು ಒಂದು ಸಾಲು ಮಂಕಾಗಿದೆ ಅನ್ನಿಸ್ತಿದೆ."

"ಅನ್ನಿಸ್ತಿದೆ ಅಂದ್ರೆ? ಪರೀಕ್ಷೆ ಎಲ್ಲ ಪಾಸಾಗಿದೆ." ಆಮೇಲೆ ದನಿ ತಗ್ಗಿಸುತ್ತಾರೆ. "ಇಂಥ ಹೊತ್ತಲ್ಲಿ ಮನಸ್ಸು ಏನೇನೋ ತೋರಿಸುತ್ತೆ ತಾಯಿ."

ಬೆಳಗಿನಿಂದ ಈಕೆಯೂ ತನಗೆ ಅದನ್ನೇ ಹೇಳಿಕೊಂಡಿದ್ದಾಳೆ. ಸಹಿ ಹಾಕಿದ ಮೇಲೆ ಮಂಕು ನಿಜವಾದರೆ ತಂಡದ ಐದು ಜನರ ಕೆಲಸ ಹೋಗುತ್ತದೆ. ತಡೆದ ಮೇಲೆ ಸುಳ್ಳಾದರೆ, ಗಂಡ ಹೋದ ಮೇಲೆ ಇವಳ ತಲೆ ನೆಟ್ಟಗಿಲ್ಲ ಎಂಬ ಮಾತು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ.

"ಊಟದ ಹೊತ್ತಿನವರೆಗೆ ಬಿಡಿ ಸರ್."

ಮಾದರಿಗಳ ಪೆಟ್ಟಿಗೆಯಿಂದ ಒಂದೇ ಗಾಜಿನ ಹಾಳೆಯ ಎಡ ಅಂಚಿನದೊಂದು, ಬಲ ಅಂಚಿನದೊಂದು ತುಂಡು ತೆಗೆದು ಬೆಳಗಿಸಿ ನೋಡುತ್ತಾಳೆ. ಎಡದ್ದರಲ್ಲಿ ನೆಟ್ಟಗಿರುವ ಸಾಲುಗಳು ಮಂಕು. ಬಲದ್ದರಲ್ಲಿ ತಲೆಕೆಳಗಾದ ಸಾಲುಗಳು ಮಂಕು. ಒದ್ದೆ ಕಣ್ಣಿಗೆ ಇಲ್ಲದ ಗೆರೆ ಕಂಡೀತು. ಹೀಗೆ ಅಂಚಿನಿಂದ ಅಂಚಿಗೆ ಸಾಲು ಬದಲಾಯಿಸಿ ತೋರಿಸಲು ಕಣ್ಣೀರಿಗೆ ಬರುವುದಿಲ್ಲ; ಮಂಕು ಗಾಜಿನಲ್ಲೇ ಇದೆ. ನೆಮ್ಮದಿಯಾಗಬೇಕಿತ್ತು. ಆಗುವುದಿಲ್ಲ; ಎರಡನ್ನೂ ಸೂಕ್ಷ್ಮದರ್ಶಕದ ಕೆಳಗಿಡುತ್ತಾಳೆ.

ಸೂಕ್ಷ್ಮದರ್ಶಕದಲ್ಲಿ ಕಾರಣ ಕಾಣುತ್ತದೆ. ಸರ್ಕ್ಯೂಟನ್ನು ಪದರದ ಮೇಲೆ ಪದರವಾಗಿ ಅಚ್ಚು ಹಾಕುತ್ತಾರೆ. ಹಾಳೆ ತುಸು ತಿರುಗಿದರೂ ಮೇಲಿನ ಪದರ ಎಡ ಅಂಚಿನಲ್ಲಿ ಮೇಲಕ್ಕೆ, ಬಲ ಅಂಚಿನಲ್ಲಿ ಕೆಳಕ್ಕೆ ಜರುಗುತ್ತದೆ. ಸಾಲುಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಅಕ್ಕಪಕ್ಕದವು ಒಂದೇ ಸಮ ಕೆಡುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ. ಈಗ ಒಂದಕ್ಕೆ ಹೆಚ್ಚಾದ ಪದರದ ಹೊದಿಕೆ ತಲೆಕೆಳಗಾದ ಪಕ್ಕದ ಸಾಲಿಗೆ ಕಡಿಮೆಯಾಗಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಪದರಗಳು ಜರುಗುವುದೇ ಇಲ್ಲ.

ಗಡುವಪ್ಪ ತುಂಬ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯುವುದಿಲ್ಲ.

"ಕಳಿಸಿದ್ರೆ ಮುಳುಗ್ತಿದ್ವಿ. ಯಾರು ಹಿಡಿದಿದ್ದು ಇದನ್ನ?"

"ನಮ್ಮ ಮನೆಯವರು."

ಅವರು ಸಹಿಯ ಹಾಳೆಯನ್ನು ಸಂಜೆಗೆಂದು ಬದಿಗಿಡುತ್ತಾರೆ.

ಮದ್ದು ಇದೆ. ಪದರ ಒಂದು ಬದಿಯಲ್ಲಿ ಕಳೆದುಕೊಂಡದ್ದು ಇನ್ನೊಂದು ಬದಿಯಲ್ಲಿ ಕೂಡಿಕೊಳ್ಳುವಂತೆ ಎದುರು ಬದಿಗೂ ಪುಟ್ಟದೊಂದು ನಾಲಿಗೆ ಚಾಚಬೇಕು. ಆ ನಾಲಿಗೆಗೆ ಜಾಗವೆಲ್ಲಿ? ಮಧ್ಯಾಹ್ನವೆಲ್ಲ ಚಾಪೆಯ ಮೇಲಿನ ಏಳು ಜನರನ್ನು ಒಬ್ಬೊಬ್ಬರನ್ನಾಗಿ ಸರಿಸುತ್ತಾಳೆ. ಕೊನೆಗೆ ನಡುವಿನ ಗೋಡೆಯಾಗಿದ್ದ ತಂತಿಯನ್ನೇ ಕೊಂಚ ತೆಳ್ಳಗೆ ಮಾಡುತ್ತಾಳೆ. ಹಿಡಿಸುತ್ತದೆ. ಈ ಸಲ ಕಂಪ್ಯೂಟರಿನಲ್ಲಿ ಪದರವನ್ನು ಬೇಕೆಂದೇ ಅತ್ತಿತ್ತ ಜರುಗಿಸಿ ನೋಡುತ್ತಾಳೆ. ಸಾಲುಗಳು ಸಮನಾಗಿ ಉರಿಯುತ್ತವೆ. ಸಂಜೆ ಸಹಿ ಬೀಳುತ್ತದೆ.

"ಭಯ ಹೋಗಿಲ್ಲ. ಗಾಜು ಕೈಗೆ ಬರೋವರೆಗೂ ಹೋಗಲ್ಲ. ಬಂದ್ಮೇಲೆ ನಾನೇ ಕಣ್ಣಿಟ್ಟು ನೋಡ್ಬೇಕು. ಇನ್ಯಾರು ನೋಡ್ತಾರೆ?" ಎನ್ನುತ್ತಾಳೆ.

ಬೀದಿ ಕೊನೆಯ ಅಂಗಡಿಯಲ್ಲಿ ಇನ್ನೂ ದೀಪವಿದೆ. ಗಡಿಯಾರ ರಿಪೇರಿಯವರು ಎಡಗೈಯಲ್ಲಿ ಭೂತಗನ್ನಡಿ ಹಿಡಿದು, ಬಲಗೈ ಒಂದರಲ್ಲೇ ಮುಳ್ಳು ಕೂರಿಸಲು ಒದ್ದಾಡುತ್ತಿದ್ದಾರೆ. ಈಕೆಯ ಕೈಯಲ್ಲಿ ಮಸೂರ ಕಂಡು ಗಡಬಡಿಸಿ ಏಳುತ್ತಾರೆ.

"ಅದಕ್ಕೇನು ಅವಸರ ಇತ್ತಮ್ಮ? ಇಂಥ ಹೊತ್ತಲ್ಲಿ ನಾನು ಕೇಳೋನಲ್ಲ."

"ನಿಮಗೆ ಕೈ ಸಾಲ್ತಿಲ್ವಲ್ಲ."

"ಎರಡು ದಿನ ಅಂತ ಮೇಷ್ಟ್ರು ಒಯ್ದಿದ್ರು. ಆಮೇಲೆ ದಾರೀಲಿ ಸಿಕ್ಕಾಗ ಕೇಳಿದ್ದೆ. ‘ಈಗ್ಲೇ ಕೊಡಲ್ಲ, ನಮ್ಮನೆಯವಳು ಇನ್ನೂ ಒಪ್ಪಿಲ್ಲ’ ಅಂತ ನಕ್ಕಿದ್ರು."

ಈಕೆ ಮಸೂರವನ್ನು ಸೆರಗಿನಲ್ಲಿ ಒರೆಸುತ್ತಾಳೆ. ಅಂಗಡಿಯ ಗಾಜಿನ ಮೇಜಿನ ಮೇಲೆ ಅವರ ಬಲಗೈಯ ಹತ್ತಿರ ಇಡುತ್ತಾಳೆ.

"ಒಪ್ಪಿದೀನಿ. ತಗೊಳ್ಳಿ."