ರಾಜಾಬಿಯನ್ನು ಸರಿಸಿ ತೆಗೆದ ಚಿತ್ರ

ಕಲಬುರಗಿಗೆ ಬಂದ ಮಾರನೆಯ ದಿನ ನಾನು ಕಾಲಿಟ್ಟ ಮೊದಲ ಗುಮ್ಮಟದೊಳಗೆ ಎಮ್ಮೆ ಕಟ್ಟಿದ್ದರು. ಸುಲ್ತಾನರ ಕಾಲದ ಕಟ್ಟಡ, ತಲೆಯೆತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಕಮಾನು. ಅದರಡಿಯಲ್ಲಿ ಎಮ್ಮೆ ಮೆಲುಕು ಹಾಕುತ್ತ, ನೀನ್ಯಾರು ಎಂಬಂತೆ ನನ್ನನ್ನೇ ನೋಡುತ್ತಿತ್ತು. ಹೊರಗೋಡೆಯ ತುಂಬ ಕುಳ್ಳು ಬಡಿದಿದ್ದರು. ಸಗಣಿಯ ಬೆರಣಿಗೆ ಇಲ್ಲಿ ಕುಳ್ಳು ಅನ್ನುತ್ತಾರೆ. ಬಾಡಿಗೆ ಮನೆಯೊಂದನ್ನು ನೋಡಲು ದಾರಿ ಕೇಳಿದ್ದಕ್ಕೆ ಆಟೋದವನು "ಗುಮ್ಮಟದ ಹಿಂದಿನ ಓಣಿ ನೋಡ್ರಿ" ಅಂದಿದ್ದ, ನಮ್ಮಲ್ಲಿ ಪೆಟ್ರೋಲ್ ಬಂಕಿನ ಹಿಂದೆ ಅನ್ನುವ ಹಾಗೆ. ಕುಂದಾಪುರದಲ್ಲಿ ಅಜ್ಜನ ಕಾಲದ ಒಂದು ಮರದ ಕಂಬ ಉಳಿದಿದ್ದರೂ ಎಣ್ಣೆ ಹಚ್ಚಿ ಒರೆಸಿ ನೆಂಟರಿಗೆ ತೋರಿಸುವವರು ನಾವು. ಇಲ್ಲಿ ಅಷ್ಟು ದೊಡ್ಡ ಹಳೆಯ ಕಾಲ ಬೀದಿಯಲ್ಲಿ ಬಿದ್ದಿದೆ, ಯಾರೂ ತಿರುಗಿ ನೋಡುವುದಿಲ್ಲ. ಅಯ್ಯೋ ಮಾರಾಯ್ರೇ, ಕ್ಯಾಮೆರಾ ಹಿಡಿದವಳಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು ಅಂದುಕೊಂಡೆ.

ನಾನು ಬಂದದ್ದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು. ಮದುವೆಯಾಗದ, ನಲವತ್ತು ದಾಟಿದ, ಮೀನು ತಿನ್ನುವ ಹೆಂಗಸಿಗೆ ಮನೆ ಸಿಗುವುದು ಎಲ್ಲಿಯೂ ಸುಲಭವಲ್ಲ. ಎಷ್ಟೋ ಬಾಗಿಲು ಮುಚ್ಚಿದ ಮೇಲೆ ಖೂಬಾ ಪ್ಲಾಟ್ ಬಡಾವಣೆಯ ಶರಣಮ್ಮ ಸಿಕ್ಕರು. ಹಣೆಯ ತುಂಬ ವಿಭೂತಿ, ಕಂಚಿನ ಕಂಠ.

"ಮೀನ ತಿಂತೀರೇನ್ರೀ?"

"ತಿನ್ನುತ್ತೇನೆ. ಮನೆಯಲ್ಲಿ ಬೇಯಿಸುವುದಿಲ್ಲ."

"ಹೊರಗ ತಿಂದ್ರ ನನಗೇನು ಕಾಣ್ತದ? ಸಾಮಾನ ತರ್ರಿ."

ಕೆಳಗೆ ಅವರು, ಮೇಲೆ ನಾನು. ಮೊದಲ ಬೇಸಿಗೆಯಲ್ಲಿ ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ನಮ್ಮಲ್ಲಿ ಸೆಕೆ ಅಂದರೆ ಬೆವರು. ಇಲ್ಲಿ ಬೆವರು ಕೂಡ ಬರುವ ಮೊದಲೇ ಒಣಗುತ್ತದೆ. ಕುಚ್ಚಲಕ್ಕಿ ಗಂಜಿ ನೆನೆದು ಅಳು ಬರುತ್ತಿದ್ದ ಸಂಜೆಗಳಲ್ಲಿ ಶರಣಮ್ಮ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದರು: "ಬರ್ರಿ, ಬಿಸಿ ರೊಟ್ಟಿ ಅದ, ಪುಂಡಿಪಲ್ಯ ಅದ, ಪುರಸತ್ತು ಇಲ್ಲ ಅನಬ್ಯಾಡ್ರಿ." ಪುರಸತ್ತು ಅಂದರೆ ಬಿಡುವು. ಹುಳಿಹುಳಿ ಪುಂಡಿಸೊಪ್ಪು ನನಗೆ ಒಗ್ಗಿತು. ರೊಟ್ಟಿ ಬಡಿಯುವುದನ್ನೂ ಕಲಿತೆ. ನನ್ನ ಮೊದಲ ದುಂಡನೆಯ ರೊಟ್ಟಿಯನ್ನು ಅವರು ಓಣಿಯ ಹೆಂಗಸರಿಗೆಲ್ಲ ಎತ್ತಿ ತೋರಿಸಿ, "ಬರೋಬ್ಬರಿ ಆಗ್ಯಾದ, ಇನ್ನ ಈಕಿ ನಮ್ಮಾಕಿ" ಅಂದರು. ಅಂದಿನಿಂದ ಮೇಡಂ ಹೋಗಿ ತಂಗಿಯಾದೆ. ದೂರದೂರಿನಲ್ಲಿ ಆ ಒಂದು ಮಾತು ಎಷ್ಟು ಹೊಟ್ಟೆ ತುಂಬಿಸುತ್ತದೆ ಎಂಬುದು ಒಂಟಿಯಾಗಿ ಇದ್ದವರಿಗೇ ಗೊತ್ತು.

ಭಾನುವಾರಗಳಲ್ಲಿ ಅವರೂ ನನ್ನ ಜೊತೆ ಹೊರಡತೊಡಗಿದರು. ಹೆಸರಿಲ್ಲದ ಗೋರಿಗಳು, ಮುಳ್ಳು ಬೆಳೆದ ಕಂದಕ, ಕುಸನೂರಿನ ಹೊಸ ಮನೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಹಳೆಯ ಮಂಟಪ. ಚಿತ್ರ ತೆಗೆಯುವುದರಲ್ಲಿ ನನ್ನದೊಂದು ಹಟವಿತ್ತು: ಮನುಷ್ಯರು ಬರಕೂಡದು. ಒಣಹಾಕಿದ ಸೀರೆ, ಪ್ಲಾಸ್ಟಿಕ್ ಬಕೆಟ್, ಬೈಕು ಯಾವುದೂ ಕಾಣಬಾರದು. ಮರೆತುಹೋದ ಜಾಗ ಮರೆತುಹೋದಂತೆಯೇ ಕಾಣಬೇಕು. ಜನರನ್ನು ಸರಿಸುವ ಕೆಲಸ ಶರಣಮ್ಮನದು. "ಏ, ಥೋಡೆ ಆಕಡಿ ಸರೀರಿ! ನಮ್ಮ ತಂಗಿ ಫೋಟೋ ತೆಗೀಲಾಕತ್ತಾಳ!" ಎಂದು ಅವರು ಕಂಠ ಬಿಟ್ಟರೆ ಎಮ್ಮೆ ಕೂಡ ಸರಿಯುತ್ತಿತ್ತು.

ಒಂದು ಚಳಿಗಾಲದಲ್ಲಿ ಅವರು ನನ್ನನ್ನು ತವರಿಗೆ, ಕಮಲಾಪುರಕ್ಕೆ, ಕರೆದೊಯ್ದರು. ಹುಮನಾಬಾದ್ ಬಸ್ಸಿನಲ್ಲಿ ಹೋಗಿ ಇಳಿದರೆ ಕೆಂಪು ಮಣ್ಣು, ಕೆಂಪು ಬಾಳೆ. ಆ ಮಣ್ಣು ನೋಡಿದ್ದೇ ನನಗೆ ಕುಂದಾಪುರ ನೆನಪಾಯಿತು. ಅವರ ತಮ್ಮನ ಹೊಲದ ಅಂಚಿನಲ್ಲಿ, ಓಣಿಗೆ ತಾಗಿಕೊಂಡೇ ಒಂದು ಮೆಟ್ಟಿಲುಬಾವಿ ಇತ್ತು. ನಮ್ಮೂರಿನ ಬಾವಿಗೆ ನಾವು ಮೇಲಿನಿಂದ ಇಣುಕುತ್ತೇವೆ. ಇಲ್ಲಿಯ ಬಾವಿ ನಮ್ಮನ್ನೇ ಒಳಗೆ ಕರೆಯುತ್ತದೆ. ಕಲ್ಲಿನ ಕಮಾನು, ಗೂಡುಗಳಲ್ಲಿ ಪಾರಿವಾಳ, ತಳದಲ್ಲಿ ತಣ್ಣಗಿನ ಹಸಿರು ನೀರು. ಕೆಳಗಿನ ಮೆಟ್ಟಿಲಲ್ಲಿ ಕೊಡ ತುಂಬುತ್ತಿದ್ದ ಮುದುಕಿ ರಾಜಾಬಿ, ಬಾವಿಯ ಎದುರು ಮನೆಯವಳು.

ಶರಣಮ್ಮ ಎಂದಿನಂತೆ ಕೂಗಿದರು. ರಾಜಾಬಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಯಾಕ್ರೀ ಬಾಯಿ, ನಮ್ಮ ಮುಖ ಫೋಟೋಕ್ಕ ಬರಂಗಿಲ್ಲೇನು? ನಳದಾಗ ನೀರ ಬಂದ್ರ ಬಂತು, ಇಲ್ಲಾಂದ್ರ ಇಡೀ ಓಣಿಗಿ ಈ ಬಾಂವೀನೇ ತಾಯಿ. ನಮ್ಮನ್ನ ಬಿಟ್ಟು ಬಾಂವಿ ಏನು ತೆಗೀತೀರಿ?"

"ಸ್ವಲ್ಪ ಹೊತ್ತು ಅಷ್ಟೇ ಅಮ್ಮ," ಅಂದೆ. ಕೊಡ, ಹಗ್ಗ, ಸೋಪಿನ ಡಬ್ಬಿ ಎತ್ತಿಕೊಂಡು ಅವಳೂ ಉಳಿದ ಹೆಂಗಸರೂ ಮೇಲೆ ಹೋಗಿ ನಿಂತರು. ಬಿಸಿಲು ಓರೆಯಾಗಿ ಇಳಿದಿತ್ತು. ಅಷ್ಟು ಚೆಂದದ ಚಿತ್ರಗಳನ್ನು ನಾನು ಮೊದಲೂ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ.

ಕೆಲಸ ಮುಗಿದ ಮೇಲೆ ರಾಜಾಬಿ ಇಳಿದು ಬಂದು ತಂಬಿಗೆಯಲ್ಲಿ ನೀರೆತ್ತಿ ನನ್ನ ಬೊಗಸೆಗೆ ಹುಯ್ದಳು. ಹಿಂದೆ ಕೊಡ ತುಂಬುವ ಹೆಂಗಸರು, ಗಲಗಲ ಮಾತು. ನಾನು ಕುಡಿಯುವಾಗ ಶರಣಮ್ಮ ತಮ್ಮ ಮೊಬೈಲಿನಲ್ಲಿ ಒಂದು ಫೋಟೋ ತೆಗೆದರು. ಸಂಜೆ ನನಗೂ ಕಳಿಸಿದರು, "ತಂಗಿ ನಮ್ಮ ತವರಿನ ನೀರ ಕುಡದಾಳ" ಎಂದು ಧ್ವನಿ ಸಂದೇಶದ ಜೊತೆಗೆ. ನಾನು ಅದನ್ನು ಊರಿಗೆ ಕಳಿಸಿದೆ. ಅಮ್ಮ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಕೆಲವು ದಿನಗಳ ನಂತರ ಶರಣಮ್ಮ ಕೇಳಿದರು: "ಬಾಂವಿ ಫೋಟೋ ದೊಡ್ಡವು ಮಾಡಿಸಿ ಕೊಡ್ತಿ ಏನವಾ? ತಮ್ಮ ನೋಡ್ತೀನಂದಾನ." ನನಗೆ ಹಿಗ್ಗೋ ಹಿಗ್ಗು. ಸ್ಟುಡಿಯೋಕ್ಕೆ ಓಡಿ, ಒಳ್ಳೆಯ ಕಾಗದದಲ್ಲಿ ಅಚ್ಚು ಹಾಕಿಸಿ, ಮಂದಿಯಿಲ್ಲದ ಆ ಚಿತ್ರಗಳನ್ನೆಲ್ಲ ಕೊಟ್ಟೆ.

ಬೇಸಿಗೆಯಲ್ಲಿ, ನೀರು ತಳ ಸೇರಿದಾಗ ಕಾಣುವ ಮೆಟ್ಟಿಲುಗಳನ್ನು ತೆಗೆಯೋಣವೆಂದು ಒಬ್ಬಳೇ ಕಮಲಾಪುರಕ್ಕೆ ಹೋದೆ. ಬಾವಿ ಇರಲಿಲ್ಲ. ಟಿಪ್ಪರ್ ಸುರಿದ ಮಣ್ಣು, ಅದರ ಮೇಲೆ ಕಮಾನಿನ ತುದಿಯ ಒಂದೆರಡು ಕಲ್ಲು, ಹೊಲದ ತುಂಬ ಪ್ಲಾಟಿನ ಗಡಿ ಗುರುತು. ರಾಜಾಬಿ ಬಾಗಿಲಲ್ಲಿ ಕುಳಿತಿದ್ದಳು. ಏಳಲಿಲ್ಲ, ನಗಲಿಲ್ಲ.

"ತಾಲೂಕ ಆಫೀಸಿನವ್ರು ಬಂದಿದ್ರು," ಅಂದಳು. "ಈ ಬಾಂವಿ ಪಾಳ ಬಿದ್ದದ, ಯಾರೂ ನೀರ ತುಂಬಂಗಿಲ್ಲ, ಹುಡುಗ್ರು ಬಿದ್ದು ಸಾಯ್ತಾವ ಅಂತ ಹೊಲದ ಸಾವ್ಕಾರ ಬರದು ಕೊಟ್ಟಿದ್ದ. ನಾವು ತುಂಬತೀವಿ ಅಂತ ಎಲ್ಲಾರೂ ಒದರಿದಿವಿ. ಅವ್ರು ನಿಮ್ಮ ಫೋಟೋ ತೋರ್ಸಿದ್ರು. ಎಲ್ಲಿದ್ದೀರಿ ನೀವು, ತೋರ್ಸ್ರಿ ಅಂದ್ರು." ಆಮೇಲೆ ನನ್ನ ಕ್ಯಾಮೆರಾ ನೋಡಿ ಕೇಳಿದಳು: "ನಮ್ಮನ್ನ ಸರಸಿದ್ದು ಇದಕ್ಕೇನ್ರೀ, ಬಾಯಿ?"

ನನಗೆ ಗೊತ್ತಿರಲಿಲ್ಲ, ಆಣೆಗೂ ಗೊತ್ತಿರಲಿಲ್ಲ ಅಂದೆ. ಅವಳು ನಂಬಿದಳೋ ಬಿಟ್ಟಳೋ. ಟ್ಯಾಂಕರ್ ಬರುವ ಹೊತ್ತಾಯಿತೆಂದು ಕೊಡ ಎತ್ತಿಕೊಂಡು ಹೊರಟುಹೋದಳು.

ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಹೊಲದ ಸಾವ್ಕಾರನಾದ ಶರಣಮ್ಮನ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನಗೇನು ಆಗಬೇಕು? ಆದರೆ ನನ್ನ ಕೈಗೆ ರೊಟ್ಟಿ ಕೊಟ್ಟ ಕೈಯೇ ನನ್ನ ಚಿತ್ರಗಳನ್ನು ಇಸಿದುಕೊಂಡು ಹೋಗಿ ಅಲ್ಲಿ ಕೊಟ್ಟಿತ್ತಲ್ಲ! ಮನೆ ಸೇರಿದಾಗ ಶರಣಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು.

"ನಿಮಗೆ ಗೊತ್ತಿತ್ತಾ ಅಕ್ಕ?"

ತಟ್ಟುವ ಕೈ ನಿಲ್ಲಲಿಲ್ಲ. "ಗೊತ್ತಿತ್ತು. ತಮ್ಮ ನನಗೂ ಒಂದು ಪ್ಲಾಟ್ ಕೊಡ್ತೀನಂದಾನ. ತವರಿನಿಂದ ಸೀರಿ-ಕುಬಸ ಬಿಟ್ಟು ನನಗೇನು ಬಂದದ? ಮತ್ತ ನಾ ಸುಳ್ಳೇನು ಹೇಳೀನಿ? ಫೋಟೋ ನೀವಾ ತೆಗದ್ರಿ. ಅದರಾಗ ಮಂದಿ ಇದ್ದಿಲ್ಲ."

"ನೀವು ತೆಗೆದದ್ದರಲ್ಲಿ ಇದ್ದರಲ್ಲ! ರಾಜಾಬಿ ನನಗೆ ನೀರು ಕೊಡುವುದು, ಹಿಂದೆ ಕೊಡ ತುಂಬುವವರು, ಎಲ್ಲ ನಿಮ್ಮ ಮೊಬೈಲಿನಲ್ಲೇ ಇತ್ತಲ್ಲ. ಅದನ್ನು ಯಾಕೆ ತೋರಿಸಲಿಲ್ಲ?"

ಆಗ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

"ಅದು ಮನೀ ಫೋಟೋ ಅಲ್ಲೇನ್ರೀ ಮೇಡಂ," ಅಂದರು. "ಆಫೀಸಿಗಿ ಕೊಡೂದಲ್ಲ."

ಆ 'ಮೇಡಂ' ಕೇಳಿದ್ದೇ ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ. ಮೊಬೈಲಿನಲ್ಲಿದ್ದ ಆ ಚಿತ್ರ ಹಿಡಿದುಕೊಂಡು ಮರುದಿನವೇ ಆಫೀಸಿಗೆ ಹೋದೆ. "ಮುಚ್ಚಿ ಆಗ್ಯಾದಲ್ರೀ, ಈಗ ತಂದ್ರ ಏನ ಮಾಡೂದು?" ಅಂದರು.

ಈಗ ನಾನು ಆ ಮನೆ ಬಿಟ್ಟು, ಊರಂಚಿನ ಶರಣಸಿರಸಗಿಯ ಹೊಸ ಬಡಾವಣೆಯೊಂದರಲ್ಲಿ ಇದ್ದೇನೆ. ಗೋಡೆಗೆ ಮೊಳೆ ಹೊಡೆಯುವಾಗೆಲ್ಲ ಇದರ ಕೆಳಗೆ ಯಾರ ಬಾವಿ ಇದ್ದಿತೋ ಅನ್ನಿಸುತ್ತದೆ. ಕ್ಯಾಮೆರಾ ಕಪಾಟಿನಲ್ಲಿದೆ. ಸಂಜೆಯಾದರೆ ಕಿವಿ ಈಗಲೂ ಕೆಳಗಿನ ಮೆಟ್ಟಿಲ ಕೂಗಿಗೆ ಕಾಯುತ್ತದೆ. ಇಂಥ ಕಿವಿಗೆ ನಾಚಿಕೆಯಾಗಬೇಕು, ಆಗುವುದಿಲ್ಲ.

ಮೊನ್ನೆ ರಜೆಗೆ ಕುಂದಾಪುರಕ್ಕೆ ಹೋಗಿದ್ದೆ. ಮನೆಗೆ ಬಂದ ನೆಂಟರೊಬ್ಬರು ಗೋಡೆಯ ಚಿತ್ರ ನೋಡಿ ಕೇಳಿದರು: "ಇದು ಎಲ್ಲಿ? ನಿನಗೆ ನೀರು ಹುಯ್ಯುತ್ತಿರುವವರು ಯಾರು?" ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೆಮ್ಮೆಯಿಂದ ಹೇಳಿದರು: "ಅದು ಇವಳ ಅಕ್ಕನ ಊರು. ಅಲ್ಲಿ ಇವಳಿಗೆ ಎಲ್ಲರೂ ಇದ್ದಾರೆ."

ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ.