ನಾನೂರಕ್ಕೆ ನಿಂತ ಡಯಲು

ತೊಂಬತ್ತರ ದಶಕದಲ್ಲಿ ಪಾಣೆಮಂಗಳೂರಿನ ಬ್ಯಾರಿ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋಕ್ಕೆ ನನ್ನನ್ನೇ ಕರೆಯುತ್ತಿದ್ದರು. ಸ್ಟುಡಿಯೋ ನನ್ನ ಗಂಡನದು. ಆದರೆ ಒಳಕೋಣೆಗೆ ಅವರು ಹೋಗುವಂತಿಲ್ಲ, ನಾನು ಹೋಗಬಹುದು. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಅಂಥದೊಂದು ಮದುವೆಮನೆಯ ಮಗ ಸೌದಿಯಲ್ಲಿದ್ದ. ತಂಗಿಯ ಮದುವೆಗೂ ರಜೆ ಸಿಗಲಿಲ್ಲ. ಉಮ್ಮನದೊಂದು ಒಳ್ಳೆಯ ಫೋಟೋ ಕಳಿಸಿ ಎಂದು ಫೋನಿನಲ್ಲಿ ಹೇಳಿದ್ದನಂತೆ. ತಾಯಿ ಹಾಸಿಗೆ ಹಿಡಿದಿದ್ದರು. ಸಾಲದ್ದಕ್ಕೆ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ. ಫ್ಲ್ಯಾಶ್ ಹೊಡೆಯಲೇಬಾರದು ಎಂದು ಸೊಸೆ ಮೊದಲೇ ಹೇಳಿದ್ದಳು. ಅದಕ್ಕೆಂದೇ ಕಡಿಮೆ ಬೆಳಕಿಗೆ ಆಗುವ ನಾನೂರರ ರೀಲು ಹಾಕಿಕೊಂಡು ಹೋಗಿದ್ದೆ. ಮದುಮಗಳ ಗೆಳತಿಯರು ಮದರಂಗಿಯ ಕೈ ತೋರಿಸಿ ತೋರಿಸಿ ಅದನ್ನು ಮುಗಿಸಿಬಿಟ್ಟರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಚೀಲದಲ್ಲಿ ಉಳಿದದ್ದು ಬಿಸಿಲಿಗೂ ಫ್ಲ್ಯಾಶಿಗೂ ಸರಿಹೋಗುವ ನೂರರ ರೀಲು. ಉಸಿರು ಬಿಗಿಹಿಡಿದು, ಅಲುಗಾಡದೆ ತೆಗೆದರೆ ಅದರಲ್ಲೂ ಆಗುತ್ತಿತ್ತು. ಹಾಕಿದೆ.

ತಾಯಿ ತಾವಾಗಿಯೇ ಕನ್ನಡಕ ತೆಗೆದರು. ಕಣ್ಣಿಂದ ನೀರು ಸುರಿಯುತ್ತಿತ್ತು.

“ಅವನಿಗೆ ನನ್ನ ಕಣ್ಣು ಕಾಣ್ಬೇಕು. ಚಂದ ಬರ್ತದಲ್ಲ ಮಗಳೇ?”

“ಬರ್ತದೆ ಉಮ್ಮ,” ಎಂದೆ.

ಮನೆಗೆ ಬಂದು ರೀಲು ತೆಗೆಯುವಾಗ ನೋಡುತ್ತೇನೆ, ಒಳಗಿರುವುದು ಯಾವ ರೀಲು ಎಂದು ಕ್ಯಾಮರಾಕ್ಕೆ ತಿಳಿಸುವ ಡಯಲು ನಾನೂರರಲ್ಲೇ ನಿಂತಿದೆ. ರೀಲು ಬದಲಿಸಿದ ನಾನು ಅದನ್ನು ತಿರುಗಿಸಿರಲಿಲ್ಲ. ಬೇಕಾದ ಬೆಳಕಿನಲ್ಲಿ ಕಾಲು ಭಾಗ ಮಾತ್ರ ಬಿದ್ದಿತ್ತು. ಪ್ರಿಂಟಿನಲ್ಲಿ ಕಿಟಕಿ ಬೆಳ್ಳಗೆ, ಅದರ ಪಕ್ಕ ಒಂದು ಮಸುಕು, ಉಳಿದದ್ದೆಲ್ಲ ಕೆಸರು. ಮತ್ತೊಮ್ಮೆ ಹೋಗಿ ತೆಗೆಯುವ ಎಂದುಕೊಳ್ಳುವಷ್ಟರಲ್ಲಿ ತಾಯಿ ತೀರಿಕೊಂಡರು. ಕೋಣೆಯಲ್ಲಿ ಬೆಳಕು ಸಾಲಲಿಲ್ಲ ಎಂದು ಸೊಸೆಗೆ ಸುಳ್ಳು ಹೇಳಿದೆ. ಅವಳು ಆ ಪ್ರಿಂಟನ್ನೇ ಸೌದಿಗೆ ಕಳಿಸಿದಳು.

ಆಗ ನಾಲ್ಕೈದು ವರ್ಷದವಳಾಗಿದ್ದ, ಆ ಸೌದಿಯ ಮಗನ ಮಗಳ ಮದುವೆಗೆ ಮತ್ತೆ ಅದೇ ಕೋಣೆಗೆ ಹೋದೆ. ಈ ಸಲ ಕೈಯಲ್ಲಿ ಡಿಜಿಟಲ್ ಕ್ಯಾಮರಾ. ಗುಂಡಿ ಒತ್ತಿ ಅದೇ ಅಂಕಿಯನ್ನು ಸಾವಿರದ ಆರುನೂರಕ್ಕೆ ಏರಿಸಿದೆ. ಚಿತ್ರ ರವೆ ಚೆಲ್ಲಿದ ಹಾಗೆ ಕಂಡರೂ ಮದುಮಗಳ ಕಣ್ಣಿನ ರೆಪ್ಪೆ ಸಹ ಬಂದಿತ್ತು. ಇಷ್ಟು ಸುಲಭವೇ ಎಂದು ಹೊಟ್ಟೆ ಉರಿಯಿತು.

ಹೊರಗೆ ಬಂದು, ಮಗಳ ಮದುವೆಗೆಂದು ಊರಿಗೆ ಬಂದಿದ್ದ ಅವನಿಗೆ ತೋರಿಸಿದೆ. ಅವನು ಅದನ್ನು ನೋಡಿ, ಪರ್ಸಿನಿಂದ ಆ ಹಳೆಯ ಪ್ರಿಂಟು ತೆಗೆದ. ಅಂಚುಗಳು ಸವೆದಿದ್ದವು. ಮಸುಕಿನ ಮೇಲೆ ಬೆರಳಿಟ್ಟ.

“ಇದು ಉಮ್ಮನ ಕೈ ಅಲ್ವಾ ಅಕ್ಕ?”

ಅದು ದಿಂಬಿನ ಮೂಲೆ.

“ಹೌದು, ಕೈಯೇ,” ಎಂದೆ.